ಮಂಡಕಳ್ಳಿಗೆ ಎಂಟು ಪಟ್ಟೆ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್ ಉದ್ದ, 30 ಮೀಟರ್ ಅಗಲ. ಕೃಷ್ಣರಾಜನಗರದ ಒಂದು ಮನೆಯ ಜಗುಲಿಯಲ್ಲಿ ಈ ಎರಡು ಅಂಕಿ ಕಿವಿಗೆ ಬಿದ್ದದ್ದೇ ತಡ, ಹಿರಿಯರೊಬ್ಬರು ಮನಸ್ಸಿನಲ್ಲೇ ಗುಣಿಸಿ, "ಹನ್ನೆರಡು ಎಕರೆ ಮೂವತ್ತಾರು ಗುಂಟೆ" ಎಂದುಬಿಟ್ಟರು. ಸರ್ವೆ ಇಲಾಖೆಯಲ್ಲಿದ್ದು, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ತಾಲ್ಲೂಕುಗಳ ಹೊಲಗದ್ದೆಗಳಲ್ಲಿ ಸರಪಳಿ ಎಳೆಸಿ ನಿವೃತ್ತರಾದವರು ಅವರು. ಎದುರಿಗೆ ಲ್ಯಾಪ್‌ಟಾಪ್ ತೆರೆದು ಕೂತವಳು ಅವರ ಅಕ್ಕನ ಮಗಳು. ಮೈಸೂರಿನಲ್ಲಿ ಕಂಪ್ಯೂಟರ್ ಕೆಲಸ. ಬಿಡುವಾದಾಗಲೆಲ್ಲ ಫ್ಲೈಟ್ ಸಿಮ್ಯುಲೇಟರಿಗಾಗಿ ಮಂಡಕಳ್ಳಿಯನ್ನು ಕಟ್ಟುವುದು ಅವಳ ಹವ್ಯಾಸ.

"ಅಷ್ಟು ಜಮೀನನ್ನ ಕಂಪ್ಯೂಟರ್ ಒಳಕ್ಕೆ ಹೆಂಗವ್ವ ಇಳಿಸ್ತೀಯ? ನಮ್ಮ ಹಂಗೆ ಟಿಪ್ಪಣಿ ಬುಕ್ಕು ಏನಾದ್ರೂ ಐತಾ?"

"ಇದೆ ಮಾವ, ನೋಡಿ" ಎಂದು ಅವಳು ಒಂದು ಕಡತ ತೆರೆದಳು. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಂಕಿಗಳ ಸಾಲು. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರಿನಲ್ಲಿ ಜಗತ್ತಿನ ವಿಮಾನ ನಿಲ್ದಾಣಗಳೆಲ್ಲ ಇರುವುದು ಇಂಥ ಸಾದಾ ಪಠ್ಯದ ಕಡತದಲ್ಲೇ. ಹಣ ಕೊಡದೆ ಸಿಗುವ ಫ್ಲೈಟ್‌ಗೇರ್ ಕೂಡ ಇದೇ ಮಾದರಿಯನ್ನು ಓದುತ್ತದೆ. ಸಾಲಿನ ಆರಂಭದಲ್ಲಿ 100 ಇದ್ದರೆ ಅದು ರನ್‌ವೇ. ಅದರ ಮುಂದಿನ 30 ಅಗಲ. ಆಮೇಲೆ ನೆಲದ ಗುಣ: 1 ಎಂದರೆ ಡಾಂಬರು, 2 ಕಾಂಕ್ರೀಟು, 3 ಹುಲ್ಲು, 4 ಮಣ್ಣು, 5 ಜಲ್ಲಿ. ನಂತರ ದೀಪಗಳ ವಿವರ, ಎರಡೂ ತುದಿಗಳ ಅಕ್ಷಾಂಶ ರೇಖಾಂಶ. ಕಡತದ ಕೊನೆಯ ಸಾಲಿನಲ್ಲಿ 99, ಅಲ್ಲಿಗೆ ಮುಗಿಯಿತು.

"ತರಿ, ಖುಷ್ಕಿ, ಬಾಗಾಯ್ತು ಅಂತ ನಾವು ಬರೀತಿದ್ದಂಗೇ ಐತೆ" ಎಂದು ಮಾವ ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. "ಇದೇನು, ದಶಾಂಶ ಬಿಂದು ಆದ್ಮೇಲೆ ಎಂಟು ಅಂಕಿ?"

"ಒಂದು ಡಿಗ್ರಿ ಅಂದ್ರೆ ಸುಮಾರು 111 ಕಿಲೋಮೀಟರ್ ಮಾವ. ಎಂಟನೇ ಅಂಕಿಗೆ ಬರೋ ಹೊತ್ತಿಗೆ ಒಂದು ಮಿಲಿಮೀಟರ್ ಲೆಕ್ಕ."

"ಮಿಲಿಮೀಟರ್ ಲೆಕ್ಕಕ್ಕೆ ಬರೆದ್ರೆ ಮಿಲಿಮೀಟರ್ ಲೆಕ್ಕಕ್ಕೆ ಅಳೆದಂಗಾಯ್ತಾ? ನೀನು ಗುರುತು ಹಾಕಿದ್ದು ಯಾವುದನ್ನ ನೋಡ್ಕೊಂಡು?"

"ಉಪಗ್ರಹದ ಫೋಟೊ."

"ಆ ಫೋಟೊ ಸರಿಯಾದ ಜಾಗದಲ್ಲೇ ಕೂತೈತೆ ಅಂತ ಹೇಳಿದವರು ಯಾರು?"

ಅವಳು ನಕ್ಕಳು. ಸಿಮ್ಯುಲೇಟರ್ ಮಂದಿ ಎಲ್ಲರೂ ಬಲ್ಲ ತೊಡಕು ಅದು. ಒಂದೇ ರನ್‌ವೇ ಬೇರೆ ಬೇರೆ ಕಂಪನಿಗಳ ಉಪಗ್ರಹ ಚಿತ್ರಗಳಲ್ಲಿ ಕೆಲವು ಮೀಟರ್ ಆಚೀಚೆ ಕೂತಿರುತ್ತದೆ. ಹಾಗಾಗಿ ಉಳಿದ ಗುರುತುಗಳಿಗೆ ಫೋಟೊ ಸಾಕಾದರೂ, ರನ್‌ವೇ ತುದಿಗಳ ಸ್ಥಾನವನ್ನು ಮಾತ್ರ ಅವಳು ಅದರಿಂದ ತೆಗೆದುಕೊಳ್ಳದೆ, ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಪೈಲಟ್‌ಗಳಿಗಾಗಿ ಪ್ರಕಟಿಸುವ ಮಾಹಿತಿ ಪುಸ್ತಕದಿಂದ ತೆಗೆದುಕೊಳ್ಳುತ್ತಾಳೆ. ಅದು ಗುಟ್ಟಿನ ದಾಖಲೆಯಲ್ಲ, ಇಂಟರ್‌ನೆಟ್ಟಿನಲ್ಲೇ ಸಿಗುತ್ತದೆ. ನಿಲ್ದಾಣದ ಗುರುತು ಅದರಲ್ಲಿ ವಿಒಎಂವೈ. ಇಂಥ ಮಾಹಿತಿ ತಿದ್ದುಪಡಿಯಾಗಿ ಜಾರಿಗೆ ಬರಲು ಜಗತ್ತಿಗೆಲ್ಲ ಒಂದೇ ಪಂಚಾಂಗವಿದೆ, 28 ದಿನಕ್ಕೊಂದು ಸುತ್ತು. ಪಹಣಿ ತಿದ್ದುಪಡಿಗೆ ವರ್ಷಗಟ್ಟಲೆ ಅಲೆಯುವವರನ್ನು ಕಂಡಿದ್ದ ಮಾವ ಇದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

"ಅಲ್ಲಿಗೇ ಹೋಗಿ ಫೋಟೊ ಹೊಡ್ಕೊಂಡು ಬಂದಿದ್ರೆ ಮುಗೀತಿತ್ತಲ್ಲ?"

"ಹಂಗೆಲ್ಲ ಹೊಡೆಯೋ ಹಂಗಿಲ್ಲ ಮಾವ. 1937ರ ವಿಮಾನ ನಿಯಮಾವಳಿ ಇದೆಯಲ್ಲ, ಅದರ 13ನೇ ನಿಯಮದಲ್ಲಿ ಸರ್ಕಾರಿ ನಿಲ್ದಾಣದಲ್ಲಿ ಫೋಟೊ ತೆಗೆಯೋಕೆ ಅನುಮತಿ ಬೇಕು ಅಂತಿದೆ."

ನಕ್ಷೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ ಕಾಲದವರು ಮಾವ. ಅವರಿಗೆ ಇದೇನೂ ಹೊಸತೆನಿಸಲಿಲ್ಲ. 2021ರ ಫೆಬ್ರುವರಿ 15ರಂದು ಕೇಂದ್ರ ಸರ್ಕಾರ ನಕ್ಷೆ ಮತ್ತು ಭೂದತ್ತಾಂಶದ ಕಟ್ಟುಪಾಡುಗಳನ್ನು ಬಹುಮಟ್ಟಿಗೆ ಸಡಿಲಿಸಿದ್ದು ಹುಡುಗಿಯಂಥವರಿಗೆ ಅನುಕೂಲವಾಯಿತು. ಆದರೂ ವಾಯುಪಡೆಯ ನೆಲೆಗಳ ಗೋಜಿಗೆ ಅವಳು ಹೋಗುವುದಿಲ್ಲ. ಅದು ಸರಿಯಾದ ತೀರ್ಮಾನ ಎಂದೇ ಈ ಲೇಖಕನ ಎಣಿಕೆ.

ಮಾತು ಪಟ್ಟೆಗಳಿಗೆ ಬಂತು. ರನ್‌ವೇ ಶುರುವಾಗುವಲ್ಲಿ ಉದ್ದುದ್ದ ಬಳಿದ ಬಿಳಿ ಪಟ್ಟೆಗಳನ್ನು ಮಾವ ಬೆರಳಿಟ್ಟು ಎಣಿಸಿದರು. ಎಂಟು.

"ಇದು ಬಣ್ಣ ಹೊಡೆಯೋನ ಇಷ್ಟಾನಾ?"

"ಇಲ್ಲ. ಅಂತರರಾಷ್ಟ್ರೀಯ ನಿಯಮ. 18 ಮೀಟರ್ ಅಗಲಕ್ಕೆ 4 ಪಟ್ಟೆ, 23ಕ್ಕೆ 6, 30ಕ್ಕೆ 8, 45ಕ್ಕೆ 12, 60ಕ್ಕೆ 16. ಪಟ್ಟೆ ಎಣಿಸಿದ್ರೆ ಸಾಕು, ಇಳಿಯೋನಿಗೆ ಅಗಲ ಎಷ್ಟು ಅಂತ ಗೊತ್ತಾಗ್ಬಿಡುತ್ತೆ."

ಇಲ್ಲಿ ಹುಡುಗಿ ತನ್ನ ಕೆಲಸದ ತಿರುಳಿಗೆ ಬಂದಳು. 45 ಮೀಟರ್ ಅಗಲದ ರನ್‌ವೇಗೆ ಕಣ್ಣು ಹೊಂದಿಕೊಂಡ ಪೈಲಟ್ 30 ಮೀಟರಿನದಕ್ಕೆ ಬಂದಾಗ, ರನ್‌ವೇ ಕಿರಿದಾಗಿ ಕಾಣುವುದರಿಂದ, ತಾನು ಇನ್ನೂ ಮೇಲಿದ್ದೇನೆ ಎಂದುಕೊಳ್ಳುತ್ತಾನೆ. ಹಾಗೆಂದುಕೊಂಡು ಇಳಿಸಿದರೆ ಇರಬೇಕಾದ್ದಕ್ಕಿಂತ ತಗ್ಗಿನಲ್ಲಿ ಬರುತ್ತಾನೆ. ವಿಮಾನಯಾನದ ಪಾಠಗಳಲ್ಲಿ ಇದೊಂದು ಹಳೆಯ ಎಚ್ಚರಿಕೆ. ಸಿಮ್ಯುಲೇಟರಿನಲ್ಲಿ ಯಾರೋ ಮಂಡಕಳ್ಳಿಗೆ 45 ಮೀಟರ್ ಕೊಟ್ಟು ಹನ್ನೆರಡು ಪಟ್ಟೆ ಬಳಿದರೆ, ಟರ್ಮಿನಲ್ಲಿನ ಗಾಜು ಎಷ್ಟೇ ಹೊಳೆಯಲಿ, ಆ ಮಂಡಕಳ್ಳಿ ಕಲಿಯುವವನ ಕಣ್ಣಿಗೆ ತಪ್ಪು ಪಾಠ ಹೇಳುತ್ತದೆ.

"ಅಂದ್ರೆ ಚೆಂದಕ್ಕಿಂತ ಅಳತೆ ಮುಖ್ಯ" ಎಂದರು ಮಾವ, ತಮ್ಮ ಇಲಾಖೆ ಗೆದ್ದಂತೆ.

"ಎಲ್ಲಾ ಅಳತೆಯೂ ಅಲ್ಲ ಮಾವ. ಪೈಲಟ್ ಕಣ್ಣು ಯಾವುದನ್ನ ಹುಡುಕುತ್ತೋ ಅದರ ಅಳತೆ."

ಮಾವ ಇದನ್ನು ಒಪ್ಪಲಿಲ್ಲ. ಅಳತೆಯಲ್ಲಿ ಬೇಕಾದ್ದು, ಬೇಡವಾದ್ದು ಎಂದು ಆರಿಸಲು ಹೊರಟರೆ ಬಾಂದು ಕಲ್ಲು ಬೇಕಾದವರ ಕಡೆಗೆ ಸರಿಯುತ್ತದೆ ಎಂಬುದು ಅವರ ವಾದ. ಬ್ರಿಟಿಷರು ಶ್ರೀರಂಗಪಟ್ಟಣ ಗೆದ್ದದ್ದು 1799ರಲ್ಲಿ. ಅದರ ಬೆನ್ನಲ್ಲೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಮರುವರ್ಷ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ತನ್ನ ತ್ರಿಕೋನಮಿತಿ ಸರ್ವೆಗೆಂದು ಆಧಾರರೇಖೆ ಅಳೆದ. "ಅವರು ಆರಿಸ್ಕೊಂಡು ಕೂತಿದ್ರೆ ನಕ್ಷೆ ಆಗ್ತಿತ್ತಾ?" ಎಂದು ಕೇಳಿದರು.

"ಲ್ಯಾಂಬ್ಟನ್ನೂ ಆರಿಸ್ಕೊಂಡೇ ಹೋಗಿದ್ದು ಮಾವ. ದೂರಕ್ಕೆ ಕಾಣೋ ಬೆಟ್ಟದ ತಲೆ, ಗೋಪುರ, ಇಷ್ಟೇ ತಾನೆ ಅವನು ಹಿಡಿದಿದ್ದು?"

ಮಾವ ಒಂದು ಗಳಿಗೆ ಸುಮ್ಮನಾದರು. ಸೋತರೆಂದಲ್ಲ, ಬೇರೆ ಕಡೆಯಿಂದ ಹಿಡಿಯಲು. "ಸರಿ, ಉದ್ದ ಅಗಲ ಆಯ್ತು. ಎತ್ತರ ಎಲ್ಲಿಂದ ತಂದೆ?"

ಎತ್ತರದ ಕತೆ ನಿಜಕ್ಕೂ ಸ್ವಾರಸ್ಯದ್ದು. 2000ನೇ ಇಸವಿಯ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿ ಸುತ್ತಿ, ರೇಡಾರಿನಿಂದ ಭೂಮಿಯ ಬಹುಭಾಗದ ಏರುತಗ್ಗು ಅಳೆಯಿತು. ಸುಮಾರು 30 ಮೀಟರಿಗೊಂದು ಚುಕ್ಕಿ. ಸಿಮ್ಯುಲೇಟರ್‌ಗಳಲ್ಲಿ ನಾವು ಕಾಣುವ ಎಷ್ಟೋ ಬೆಟ್ಟ ಕಣಿವೆಗಳ ಮೂಲ ಅದೇ. ಆಗ ಮಂಡಕಳ್ಳಿಯಲ್ಲಿ ಈಗಿನ ರೂಪದ ರನ್‌ವೇ ಇರಲಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ನಿಲ್ದಾಣ ನವೀಕರಣಗೊಂಡು ಉದ್ಘಾಟನೆಯಾದದ್ದು 2010ರ ಮೇ 15ರಂದು. ಹಳೆಯ ಎತ್ತರಗಳ ಮೇಲೆ ಹೊಸ ರನ್‌ವೇ ಹಾಸಿದರೆ, ಸಮತಟ್ಟಾಗಿ ಓಡಬೇಕಾದ ವಿಮಾನ ಉಬ್ಬುತಗ್ಗಿನಲ್ಲಿ ಕುಪ್ಪಳಿಸುತ್ತದೆ. ಅದನ್ನು ಒಂದೊಂದೇ ಕಡೆ ಕೈಯಾರೆ ನಯಗೊಳಿಸಬೇಕು.

"ಮಂಡಕಳ್ಳೀಲಿ ಕುಪ್ಪಳಿಸಿದ್ರೆ ನಗಬಹುದು. ಮಂಗಳೂರಿನಲ್ಲಿ ಹಂಗಲ್ಲ" ಎಂದಳು ಅವಳು.

ಅಲ್ಲಿನ ಬಜ್ಪೆ ನಿಲ್ದಾಣದ 2,450 ಮೀಟರಿನ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ. ಗುಡ್ಡ ಕತ್ತರಿಸಿ, ಹಳ್ಳ ತುಂಬಿಸಿ ಮಾಡಿದ ಮೇಜಿನಂಥ ನೆಲ. ತುದಿ ದಾಟಿದರೆ ಕಮರಿ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಆ ತುದಿ ದಾಟಿ ಉರುಳಿತು. 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಬರೀ 2000ನೇ ಇಸವಿಯ ಎತ್ತರಗಳನ್ನು ನೆಚ್ಚಿಕೊಂಡು ಆ ನಿಲ್ದಾಣ ಕಟ್ಟಿದರೆ, ಕತ್ತರಿಸುವ ಮೊದಲಿನ ಗುಡ್ಡವೂ ತುಂಬಿಸುವ ಮೊದಲಿನ ಹಳ್ಳವೂ ಸಿಗುತ್ತವೆಯೇ ಹೊರತು ಈಗಿರುವ ಅಂಚು ಸಿಗುವುದಿಲ್ಲ. ಬಜ್ಪೆಯನ್ನು ಕಟ್ಟುವವರು ಮೊದಲು ಸರಿಪಡಿಸಬೇಕಾದ್ದು ಆ ಅಂಚನ್ನು. ತೆಂಗಿನಮರ, ಕಾರ್ ಪಾರ್ಕಿಂಗು ಆಮೇಲಿನ ಮಾತು.

ಮಾವನಿಗೆ ಇನ್ನೊಂದು ಅನುಮಾನ. "ಇಷ್ಟೆಲ್ಲ ಕೈಯಾರೆ ಯಾಕೆ? ಕಂಪ್ಯೂಟರೇ ಊರು ಕಟ್ಕೊಡೋ ಕಾಲವಂತಲ್ಲ ಇದು."

ಕಟ್ಟಿಕೊಡುತ್ತದೆ, ಸುಳ್ಳಲ್ಲ. 2020ರ ಆಗಸ್ಟ್ 18ರಂದು ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇಡೀ ಭೂಮಿಯನ್ನೇ ಹಾಗೆ ಕಟ್ಟಿತು. ಬಿಂಗ್ ನಕ್ಷೆಯ ಚಿತ್ರಗಳನ್ನು ಆಸ್ಟ್ರಿಯಾದ ಬ್ಲ್ಯಾಕ್‌ಶಾರ್ಕ್ ಎಂಬ ಕಂಪನಿಯ ಯಾಂತ್ರಿಕ ಬುದ್ಧಿಮತ್ತೆಗೆ ಉಣಿಸಿ, ಚಾವಣಿ ಕಂಡಲ್ಲೆಲ್ಲ ಕಟ್ಟಡ ಎಬ್ಬಿಸಿದರು. ನಿಲ್ದಾಣಗಳೇ ಸುಮಾರು 37,000. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಮೆಲ್ಬರ್ನ್ ನಗರದ ಹೊರವಲಯದಲ್ಲಿ, ಸುತ್ತ ಬರೀ ತಗ್ಗು ಮನೆಗಳ ನಡುವೆ, ಆಕಾಶಕ್ಕೆ ಚುಚ್ಚಿದಂತೆ 212 ಅಂತಸ್ತಿನ ಗೋಪುರವೊಂದು ಕಾಣಿಸಿತು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಯಾರೋ 2 ಎಂದು ಒತ್ತುವ ಬದಲು 212 ಒತ್ತಿದ್ದರು. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ ಸಾಧಾರಣ ಆಫೀಸು ಕಟ್ಟಡವಾಗಿ ನಿಂತಿತ್ತು.

"ಅರಮನೆ ಗತಿಯೇ ಹಂಗಾದ್ರೆ ನಮ್ಮ ಬ್ಯಾರನ್ ಗತಿ ಏನು?" ಎಂದರು ಮಾವ.

ಪ್ರಶ್ನೆ ಸರಿಯಾದ ಕಡೆಗೇ ಬಿತ್ತು. ಮಂಡಕಳ್ಳಿಯಿಂದ ಪಡುವಣಕ್ಕೆ ಎದ್ದು ಹುಣಸೂರು, ಪಿರಿಯಾಪಟ್ಟಣದ ಮೇಲೆ ಹಾರಿದರೆ, ಹೊಲಗಳ ನಡುವೆ ಗೂಡಿನಂತೆ ಎತ್ತರಕ್ಕೆ ನಿಂತ ತಂಬಾಕು ಬ್ಯಾರನ್‌ಗಳು ಕಾಣಬೇಕು. ಹೊಗೆಸೊಪ್ಪು ಹದಗೊಳಿಸುವ ಕಾಲದಲ್ಲಿ ಅವುಗಳ ಪಕ್ಕ ಸೌದೆಯ ಒಟ್ಟಿಲು. ಮೇಲಿಂದ ನೋಡುವ ಯಂತ್ರಕ್ಕೆ ಅದೂ ಒಂದು ಚಾವಣಿ, ಹಾಗಾಗಿ ಕಿಟಕಿ ಬಾಗಿಲಿಟ್ಟು ಮನೆ ಮಾಡುತ್ತದೆ. ಕೈಯಾರೆ ಕಟ್ಟುವವರಿಗೂ ಸಲೀಸಲ್ಲ. ಎಕ್ಸ್-ಪ್ಲೇನ್ ತಯಾರಕರು ಹವ್ಯಾಸಿಗಳು ಮಾಡಿದ ನಿಲ್ದಾಣಗಳನ್ನು ಒಂದೆಡೆ ಕಲೆಹಾಕಿ, ಪರಿಶೀಲಿಸಿ, ಮುಂದಿನ ಆವೃತ್ತಿಯೊಂದಿಗೆ ಎಲ್ಲರಿಗೂ ಹಂಚುತ್ತಾರೆ. ದೊಡ್ಡ ವ್ಯವಸ್ಥೆ, ಒಳ್ಳೆಯದೂ ಹೌದು. ಷರತ್ತು ಒಂದೇ: ಅವರ ಭಂಡಾರದಲ್ಲಿ ಇರುವ ವಸ್ತುಗಳನ್ನಷ್ಟೇ ಬಳಸಬೇಕು.

"ಭಂಡಾರದಲ್ಲಿ ಬ್ಯಾರನ್ ಐತಾ?"

"ಇಲ್ಲ. ಅಮೆರಿಕದ ದನದ ಕೊಟ್ಟಿಗೆ ಇದೆ, ಕೆಂಪು ಬಣ್ಣದ್ದು."

"ಅವರ ಅಂಗಡೀಲಿ ಸಿಕ್ಕಿದ ಸಾಮಾನಲ್ಲೇ ನಮ್ಮ ಮದುವೆ ಮಾಡು ಅಂದಂಗಾಯ್ತು."

ಅದಕ್ಕೆ ಹುಡುಗಿ ಎರಡು ಆವೃತ್ತಿ ಇಟ್ಟುಕೊಂಡಿದ್ದಾಳೆ. ಭಂಡಾರಕ್ಕೆ ಒಪ್ಪಿಸುವುದರಲ್ಲಿ ರನ್‌ವೇ, ಟ್ಯಾಕ್ಸಿವೇ, ವಿಮಾನ ನಿಲ್ಲುವ ಕಟ್ಟೆ, ಫಲಕ, ದೀಪ ಎಲ್ಲ ಕರಾರುವಾಕ್ಕು. ಕಟ್ಟಡಗಳು ಮಾತ್ರ ಭಂಡಾರದಲ್ಲಿ ಸಿಕ್ಕಿದಂಥವು. ಸ್ವಂತದ್ದರಲ್ಲಿ ಟರ್ಮಿನಲ್ ಮತ್ತು ಬ್ಯಾರನ್ ಅವಳೇ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮಾಡಿದವು. ಬ್ಯಾರನ್ ಎಂದರೆ ನಾಲ್ಕು ಗೋಡೆ, ಒಂದು ಚಾವಣಿ. ಗೋಡೆಯ ಮೇಲೆ ಒಂದು ಫೋಟೊ, ಹುಣಸೂರು ರಸ್ತೆಯಲ್ಲಿ ಸಂಬಂಧಿಕರ ಹೊಲದಲ್ಲಿ ತೆಗೆದದ್ದು. ಕೆಳಗಿನಿಂದ ಮೇಲಕ್ಕೆ ಹೊಗೆಯ ಕಪ್ಪು ಹೇಗೆ ಹತ್ತಿದೆ ಎಂಬುದು ಆ ಒಂದೇ ಚಿತ್ರದಲ್ಲಿದೆ. ಅದನ್ನೇ ನೂರಾರು ಕಡೆ ತಿರುಗಿಸಿ ತಿರುಗಿಸಿ ನಿಲ್ಲಿಸಿದ್ದಾಳೆ.

"ಎಲ್ಲಾ ಬ್ಯಾರನ್ನಿಗೂ ಒಂದೇ ಕರೆಯಾ?"

"ಸಾವಿರ ಅಡಿ ಮೇಲಿಂದ ಯಾರಿಗೂ ಗೊತ್ತಾಗಲ್ಲ. ಪ್ರತಿಯೊಂದಕ್ಕೂ ಬೇರೆ ಚಿತ್ರ ಕೊಟ್ರೆ ಸಿಮ್ಯುಲೇಟರ್ ತೆವಳುತ್ತೆ."

ತೆವಳುವ ಲೆಕ್ಕ ಹೀಗೆ. ಪರದೆಯ ಮೇಲಿನ ಲೋಕ ಸೆಕೆಂಡಿಗೆ ಮೂವತ್ತು ಸಲವಾದರೂ ಹೊಸದಾಗಿ ಬರೆಯಲ್ಪಡಬೇಕು. ಇಲ್ಲದಿದ್ದರೆ ಹಾರಾಟ ತಡವರಿಸುತ್ತದೆ, ಅದೂ ಇಳಿಯುವ ಹೊತ್ತಿನಲ್ಲಿ. ಮೈಸೂರು ಅರಮನೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳಿವೆ. ಒಂದೊಂದನ್ನೂ ದೀಪವಾಗಿ ಇಟ್ಟರೆ ಯಾವ ಮನೆ ಕಂಪ್ಯೂಟರೂ ತಾಳದು. ಹಾಗಾಗಿ ಅರಮನೆಯ ಆಕಾರಕ್ಕೆ ಎರಡು ಹೊದಿಕೆ ಮಾಡುತ್ತಾರೆ: ಹಗಲಿಗೊಂದು, ಕತ್ತಲಾದ ಮೇಲೆ ತಾನಾಗಿ ಬೆಳಗುವ ಇನ್ನೊಂದು. ಆ ಎರಡನೆಯದರಲ್ಲಿ ಬಲ್ಬುಗಳೆಲ್ಲ ಬರೀ ಹಳದಿ ಚುಕ್ಕಿಗಳ ಚಿತ್ರ. ರಾತ್ರಿ ದೂರದಿಂದ ಬರುವವನಿಗೆ ಅಷ್ಟು ಸಾಕು: ನಗರ ಎಲ್ಲಿದೆ, ಚಾಮುಂಡಿ ಬೆಟ್ಟದ ಕಪ್ಪು ಗುಡ್ಡೆ ಎಲ್ಲಿದೆ ಎಂದು ತಿಳಿಯಬೇಕು. ಬೆಟ್ಟ ರನ್‌ವೇಗೆ ಉತ್ತರದಲ್ಲಿ ಐದು ಕಿಲೋಮೀಟರಿನ ಆಸುಪಾಸು. ಅದರ ಎತ್ತರದಲ್ಲಿ ಮಾತ್ರ ಅವಳು ಸಡಿಲ ಬಿಟ್ಟಿಲ್ಲ.

ಇಷ್ಟು ಹೊತ್ತಿಗೆ ಮಾವನ ಪ್ರತಿರೋಧ ಕೊಂಚ ಕರಗಿತ್ತು. ಅವರು ಮಂಡಕಳ್ಳಿ ಬಿಟ್ಟು ತಮ್ಮೂರಿಗೆ ಬಂದರು.

"ಇಲ್ಲಿಗೆ ಹಾರ್ಕೊಂಡು ಬರೋಕೆ ಎಷ್ಟೊತ್ತು?"

"ಸಣ್ಣ ಸೆಸ್ನಾ ನೂರು ನಾಟ್ ಅಂದ್ರೆ ಗಂಟೆಗೆ 185 ಕಿಲೋಮೀಟರ್. ಹನ್ನೆರಡು ಹದಿಮೂರು ನಿಮಿಷ. ಇಲವಾಲ ದಾಟಿದ್ರೆ ಬಲಗಡೆ ಕನ್ನಂಬಾಡಿ ಹಿನ್ನೀರು, ಮುಂದಕ್ಕೆ ನಾವೇ."

ಅವಳು ಹಾರಿಸಿ ತೋರಿಸಿದಳು. ಹಿನ್ನೀರು ಬಂತು, ನೀಲಿಯಾಗಿ, ದಡದ ತನಕ ತುಂಬಿ. ಮಾವ ತಲೆ ಅಲ್ಲಾಡಿಸಿದರು. ಅಣೆಕಟ್ಟೆಯಲ್ಲಿ ನೀರು 124.80 ಅಡಿಗೆ ಬಂದಾಗ ಮಾತ್ರ ಹಿನ್ನೀರು ಹಾಗಿರುತ್ತದೆ. ಬೇಸಿಗೆಯಲ್ಲಿ ಅದು ಫರ್ಲಾಂಗುಗಟ್ಟಲೆ ಹಿಂದೆ ಸರಿದು, ಬಿರಿದ ಕೆಸರು, ಅದರ ಮೇಲೆ ಹುಲ್ಲು, ದನ. ಸಿಮ್ಯುಲೇಟರಿನಲ್ಲಿ ನೀರಿನ ಗೆರೆ ಒಂದೇ ಕಡೆ ನಿಂತುಬಿಟ್ಟಿದೆ. ಅದೇ ಹೊತ್ತಿಗೆ ಪಕ್ಕದ ಗದ್ದೆಗಳು ಕಂದು ಬಣ್ಣ.

"ಕಟ್ಟೆ ತುಂಬೈತೆ, ಗದ್ದೆ ಒಣಗೈತೆ. ಇಂಥ ವರ್ಷ ನಾನು ನೋಡಿಲ್ಲ ಕಣವ್ವ."

ಕೃಷ್ಣರಾಜನಗರವನ್ನು ಭತ್ತದ ಕಣಜ ಎನ್ನುವ ನಾಡಿನಲ್ಲಿ ಇದು ಸಣ್ಣ ದೋಷವಲ್ಲ. ಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟು ನಾಟಿ ನಡೆಯುವ ಜುಲೈ–ಆಗಸ್ಟಿನಲ್ಲಿ ಗದ್ದೆಗಳು ಮೊದಲು ಕನ್ನಡಿ, ಆಮೇಲೆ ಎಳೆ ಹಸಿರು. ನೀರಿನ ಗೆರೆ ಒಂದು ದತ್ತಾಂಶದಿಂದ ಬಂದಿದೆ, ನೆಲದ ಬಣ್ಣ ಮೋಡವಿಲ್ಲದ ಬೇಸಿಗೆಯ ದಿನ ತೆಗೆದ ಉಪಗ್ರಹ ಚಿತ್ರದಿಂದ. ಮಳೆಗಾಲದಲ್ಲಿ ನಮ್ಮ ಆಕಾಶದ ತುಂಬ ಮೋಡ. ಉಪಗ್ರಹಕ್ಕೆ ಬೇಸಿಗೆಯ ಊರೇ ಹೆಚ್ಚಾಗಿ ಸಿಗುವುದು. ಎರಡನ್ನೂ ಜೋಡಿಸಿದ ಯಂತ್ರಕ್ಕೆ ಭತ್ತದ ಕಾಲ ಗೊತ್ತಿಲ್ಲ. ಪಕ್ಕದ ಊರಿನವರು ಕೂತು ನೋಡದೆ ಇಂಥ ತಪ್ಪು ಹೊರಬೀಳುವುದಿಲ್ಲ. ಹುಡುಗಿ ಎರಡು ಕಾಲಕ್ಕೆ ಎರಡು ಚಿತ್ರ ಇಡುವುದಾಗಿ ಅಲ್ಲೇ ಬರೆದುಕೊಂಡಳು.

"ಇದೆಲ್ಲ ಮಾಡಿ ಏನು ಬಂತು? ಲೈಸೆನ್ಸು ಕೊಡ್ತಾರಾ?"

"ಎಲ್ಲಿಂದ? ಮನೆ ಕಂಪ್ಯೂಟರಲ್ಲಿ ಹಾರಿದ ಗಂಟೆ ಯಾವ ಲಾಗ್‌ಬುಕ್ಕಿಗೂ ಸೇರಲ್ಲ."

ಹಾಗಿದ್ದೂ ಈ ಹವ್ಯಾಸದಿಂದ ಕೆಲವೊಮ್ಮೆ ಯಾರೂ ಉದ್ದೇಶಿಸದ ಪ್ರಯೋಜನ ಆಗಿಬಿಡುತ್ತದೆ. 1982ರ ಮೊದಲ ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಆಟ ಶುರುವಾಗುತ್ತಿದ್ದದ್ದು ಷಿಕಾಗೋ ನಗರದ ಸರೋವರದಂಚಿನ ಮೆಗ್ಸ್ ಫೀಲ್ಡ್ ಎಂಬ ಪುಟ್ಟ ನಿಲ್ದಾಣದಿಂದ. 2003ರ ಮಾರ್ಚ್ 30ರ ರಾತ್ರಿ ನಗರದ ಮೇಯರ್ ಬುಲ್ಡೋಜರ್ ಕಳಿಸಿ ಅದರ ರನ್‌ವೇ ಅಗೆಸಿಬಿಟ್ಟ. ಅಲ್ಲಿ ಈಗ ಉದ್ಯಾನ. ಹವ್ಯಾಸಿಗಳು ಕಟ್ಟಿದ ಮೆಗ್ಸ್‌ನಲ್ಲಿ ಜನ ಇಂದಿಗೂ ಇಳಿಯುತ್ತಾರೆ. ನಮ್ಮಲ್ಲೂ, 2008ರ ಮೇನಲ್ಲಿ ದೇವನಹಳ್ಳಿ ನಿಲ್ದಾಣ ತೆರೆದ ಮೇಲೆ ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ನಿಂತವು. ಜಕ್ಕೂರಿನಲ್ಲಿ ಬಳ್ಳಾರಿ ರಸ್ತೆಯ ಮೇಲ್ಸೇತುವೆ ರನ್‌ವೇ ತುದಿಯಲ್ಲೇ ಎದ್ದು, ಬಳಸಲು ಸಿಗುತ್ತಿದ್ದ ಉದ್ದವನ್ನೇ ಮೊಟಕು ಮಾಡಿತು. ಸೇತುವೆಗೆ ಮುಂಚಿನ ಜಕ್ಕೂರಿನ ಮೇಲೆ ಹಾರಿ ನೋಡಬೇಕೆಂದರೆ ಯಾರಾದರೊಬ್ಬರು ಕೂತು ಅದನ್ನು ಕಟ್ಟಬೇಕು. ಮಂಡಕಳ್ಳಿ ರನ್‌ವೇ ಉದ್ದ ಮಾಡುವ ಮಾತು ವರ್ಷಗಳಿಂದ ನಡೆದಿದೆ. ಅಡ್ಡ ಬಂದಿರುವುದು ನಂಜನಗೂಡು ಹೆದ್ದಾರಿ. ಅದೂ ಬದಲಾಗುವ ನೆಲವೇ.

ಮಾವನ ಗಮನ ಅಷ್ಟರಲ್ಲಿ ಪರದೆಯ ಬೇರೆ ಮೂಲೆಗೆ ಹೋಗಿತ್ತು. "ಈ ನಾಲೆ ಇಲ್ಲಿ ಹಿಂಗೆ ಸೀದಾ ಹೋಗಲ್ಲ. ತೂಬು ದಾಟಿದ ಮೇಲೆ ಎಡಕ್ಕೆ ಬಾಗ್ತದೆ. ನಾನೇ ಹದ್ದುಬಸ್ತು ಮಾಡಿರೋ ಜಾಗ."

"ಅದು ಓಪನ್‌ಸ್ಟ್ರೀಟ್‌ಮ್ಯಾಪಿಂದ ಬಂದಿರೋದು ಮಾವ. ನೀವೇ ತಿದ್ದಬಹುದು. ಒಂದು ಖಾತೆ ತೆಗೆದ್ರೆ ಆಯ್ತು."

"ಯಾರಿಗೆ ಅರ್ಜಿ ಹಾಕ್ಬೇಕು?"

"ಯಾರಿಗೂ ಇಲ್ಲ. ಗೆರೆ ಎಳೆದು ಉಳಿಸೋದು ಅಷ್ಟೇ."

"ಪಂಚನಾಮೆ ಬೇಡ್ವಾ? ಅಕ್ಕಪಕ್ಕದೋರಿಗೆ ನೋಟೀಸು?"

"ಏನೂ ಬೇಡ."

ಮಾವನಿಗೆ ಇದು ಅರಗಲಿಲ್ಲ. 212 ಅಂತಸ್ತಿನ ಗೋಪುರ ಎದ್ದದ್ದು ಹೇಗೆಂದು ಈಗ ತಿಳಿಯಿತು ಎಂದು ಗೊಣಗಿದರು. ಕೊನೆಗೆ ಖಾತೆಗೆ ಒಪ್ಪಿದರು, ತಮ್ಮದೇ ಷರತ್ತಿನ ಮೇಲೆ: ನೆನಪಿನಿಂದ ಗೆರೆ ಎಳೆಯುವುದಿಲ್ಲ, ನಾಲೆಯ ಏರಿ ಮೇಲೆ ಹೋಗಿ ನೋಡಿಯೇ ಎಳೆಯುವುದು.

"ಫೋನಲ್ಲಿ ಜಿಪಿಎಸ್ ಹಾಕ್ಕೊಂಡು ಗಾಡೀಲಿ ಹೋಗಿ ಬರೋಣ ಮಾವ, ಅರ್ಧ ಗಂಟೆ ಕೆಲಸ."

"ಗಾಡೀಲಿ ಹೋದ್ರೆ ತೂಬು ಯಾವುದು ಮೋರಿ ಯಾವುದು ಗೊತ್ತಾಗಲ್ಲ. ನಡ್ಕೊಂಡೇ ಹೋಗ್ಬೇಕು. ಬೆಳಿಗ್ಗೆ ಆರಕ್ಕೆಲ್ಲ ಎದ್ದಿರು."